ನೋಟಿನ ಮೇಲೆ ಸಿಂಧಿಗೂ ಒಂದು ಸಾಲು ಬೇಕು

ನಮ್ಮ ನೋಟುಗಳ ಮೇಲೆ ಸಿಂಧಿ ಬರಬೇಕು. ಉಲ್ಹಾಸನಗರದ ಕ್ಯಾಂಪ್ ಮೂರರಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂತು ದಿನವಿಡೀ ನೋಟು ಎಣಿಸುವ ನಾನು ಕನ್ನಡಿಗ. ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ನನ್ನ ಕನ್ನಡವಿದೆ. ದೇಶ ಇಬ್ಭಾಗವಾದಾಗ ಸಿಂಧ್ ಬಿಟ್ಟು ಬಂದು, ಕಲ್ಯಾಣದ ಮಿಲಿಟರಿ ಕ್ಯಾಂಪಿನ ಬ್ಯಾರಕ್ಕುಗಳಲ್ಲಿ ಸಂಸಾರ ಹೂಡಿ, ಈ ಊರು ಕಟ್ಟಿದವರ ಭಾಷೆ ಅಲ್ಲಿಲ್ಲ.

ನನ್ನ ಬಳಿ 1804ರ ತಾಮ್ರದ ಪೈಸೆಯೊಂದಿದೆ. ಈಸ್ಟ್ ಇಂಡಿಯಾ ಕಂಪನಿ ಮುಂಬಯಿ ಪ್ರಾಂತ್ಯಕ್ಕೆಂದು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದ್ದು. ಒಂದು ಮಗ್ಗುಲಲ್ಲಿ ಕಂಪನಿಯ ಲಾಂಛನ, ಇನ್ನೊಂದರಲ್ಲಿ ತಕ್ಕಡಿ. ಎರಡು ತಟ್ಟೆಗಳ ನಡುವೆ ಪಾರಸಿ ಅಕ್ಷರ. ಚಹಾಕ್ಕೆ ಬರುವ ಹಿರಿಯ ಸಿಂಧಿ ಗಿರಾಕಿಯೊಬ್ಬರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಹೆಬ್ಬೆರಳಲ್ಲಿ ಉಜ್ಜಿ, ‘ಅದ್ಲ್, ನ್ಯಾಯ’ ಎಂದು ಓದಿಯೇಬಿಟ್ಟರು. ಅವರು ಕಲಿತ ಸಿಂಧಿಯೂ ಅರಬ್ಬಿ ಲಿಪಿಯದು. ಪರದೇಶಿ ಕಂಪನಿಯ ಕಾಸನ್ನು ಓದಬಲ್ಲ ಈ ಅಜ್ಜನಿಗೆ ಸ್ವಂತ ದೇಶದ ನೋಟಿನಲ್ಲಿ ತನ್ನ ಭಾಷೆಯ ಒಂದಕ್ಷರವೂ ಸಿಗುವುದಿಲ್ಲ.

ಪೇಟೆಯವರು ಓದಬಲ್ಲ ಅಕ್ಷರ ಹಾಕಿಸುವ ಬುದ್ಧಿ ಕಂಪನಿಗೂ ಒಮ್ಮೆಲೇ ಬರಲಿಲ್ಲ. 1670ರ ದಶಕದಲ್ಲಿ ಮುಂಬಯಿಯಲ್ಲಿ ಹೊಡೆಸಿದ ಇಂಗ್ಲಿಷ್ ಮಾದರಿಯ ನಾಣ್ಯ ಒಳನಾಡಿನ ಪೇಟೆಗಳಲ್ಲಿ ನಡೆಯಲಿಲ್ಲ. ಆಮೇಲೆ ಪಾರಸಿಯಲ್ಲೇ ಬರೆಸಿದರೂ ತನ್ನ ರಾಜ ರಾಣಿಯರ ಹೆಸರು ಹಾಕಿಸಿ ಮೊಗಲರ ಸಿಟ್ಟಿಗೆ ಗುರಿಯಾಯಿತು. 1717ರಲ್ಲಿ ಮೊಗಲ ಬಾದಶಹ ಫರೂಕ್‌ಸಿಯರನ ಅಪ್ಪಣೆ ಸಿಕ್ಕಿ ಬಾದಶಹನ ಹೆಸರು ಹೊತ್ತ ಮೇಲೆಯೇ ಮುಂಬಯಿ ರೂಪಾಯಿಗೆ ದಾರಿ ತೆರೆಯಿತು. ಮದರಾಸಿನಲ್ಲಿ 1808ರ ಸುಮಾರಿಗೆ ಅದೇ ಕಂಪನಿ ಪಗೋಡಾ ನಾಣ್ಯದ ಮೇಲೆ ಗೋಪುರ, ವಿಷ್ಣು, ಜೊತೆಗೆ ತಮಿಳು, ತೆಲುಗು ಅಕ್ಷರಗಳನ್ನು ಮೂಡಿಸಿತು. ಜನರ ಮೇಲಿನ ಪ್ರೀತಿಯಿಂದಲ್ಲ, ವ್ಯಾಪಾರ ಸಾಗಬೇಕಿತ್ತು. ದೋಚಲು ಬಂದವರಿಗೇ ಪೇಟೆಯ ಮಂದಿಯ ಅಕ್ಷರ ಬೇಕಾಯಿತು. ನಾವೇ ಆರಿಸಿದ ಸರ್ಕಾರಕ್ಕೆ ಬೇಡವೇ?

ಜಾಗವಿಲ್ಲ ಎನ್ನುವವರಿಗೆ ಒಂದು ಮಾತು. ಸಿಂಧಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ್ದು 1967ರಲ್ಲಿ. ಕೊಂಕಣಿ, ನೇಪಾಳಿ ಸೇರಿದ್ದು 1992ರಲ್ಲಿ. ಆ ಎರಡಕ್ಕೂ ನೋಟಿನಲ್ಲಿ ಜಾಗವಾಯಿತು, ಆಗಬೇಕಾದದ್ದೇ. ಅವುಗಳಿಗಿಂತ ಇಪ್ಪತ್ತೈದು ವರ್ಷ ಮೊದಲು ಬಂದ ಸಿಂಧಿ ಮಾತ್ರ ಇನ್ನೂ ಹೊರಗಿದೆ. ಮಣಿಪುರಿ, ಬೋಡೊ, ಸಂತಾಲಿಗಳ ಪಾಡೂ ಇದೇ.

ಸಿಂಧಿಯನ್ನು ಅರಬ್ಬಿಯಲ್ಲಿ ಬರೆಯಬೇಕೋ ದೇವನಾಗರಿಯಲ್ಲೋ ಎಂಬ ಜಗಳ ಹಳೆಯದು. ಅದನ್ನೇ ನೆಪ ಮಾಡಬಾರದು, ಸಿಂಧಿಗಳನ್ನೇ ಕೇಳಿ ತೀರ್ಮಾನಿಸಲಿ. ನೋಟಿನ ವಿನ್ಯಾಸವನ್ನು ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಒಪ್ಪುತ್ತದೆ. ಮುಂದಿನ ಸರಣಿಯ ನಕ್ಷೆ ಮೇಜಿಗೆ ಬಂದಾಗ ಈ ಸಾಲನ್ನು ಸೇರಿಸಲಿ. ಅದನ್ನು ಕೇಳಬೇಕಾದವರು ಸಿಂಧಿಗಳಷ್ಟೇ ಅಲ್ಲ, ಪಟ್ಟಿಯಲ್ಲಿ ಆಗಲೇ ಜಾಗ ಪಡೆದ ಕನ್ನಡಿಗರೂ ಹೌದು.