ಊರು ಯಾವುದೆಂದು ಕೇಳುವವರಿಗೆ



ಮುಂಬಯಿಯಲ್ಲಿ ದುಡಿಯುವ ನಮಗೆ ದಿನಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆ ಒಂದುಂಟು: "ಗಾವ್ ಕುಠಲಂ?" ನಿನ್ನ ಊರು ಯಾವುದು? ಚಹಾದ ಕಪ್ಪು ಇಡುವಾಗ ಗಿರಾಕಿ ಕೇಳುತ್ತಾನೆ, ಖೋಲಿ ಹುಡುಕಲು ಹೋದರೆ ಮನೆಯ ಮಾಲಿಕ ಕೇಳುತ್ತಾನೆ, ರೇಶನ್ ಕಚೇರಿಯ ಕಾರಕೂನ ತಲೆ ಎತ್ತದೆಯೇ ಕೇಳುತ್ತಾನೆ. ಮಾತು ಒಂದೇ. ಕೇಳುವವರ ಮನಸ್ಸು ಬೇರೆ ಬೇರೆ.

ಗಿರಣಗಾಂವಿನ ಚಾಳುಗಳಲ್ಲಿ ಇದು ಸ್ನೇಹದ ಮಾತಾಗಿತ್ತೆಂದು ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರು ಹೇಳುತ್ತಾರೆ. ರತ್ನಾಗಿರಿಯವರು, ಸಾತಾರೆಯವರು, ತೆಲುಗು ನಾಡಿನ ಪದ್ಮಶಾಲಿಗಳು, ವಿಜಾಪುರದ ಕಡೆಯ ನಮ್ಮವರು, ಎಲ್ಲರೂ ಹೊರಗಿನಿಂದ ಬಂದವರೇ. ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗ ಊರು ಕೇಳದೆ ಮಾತು ಹೇಗೆ ಶುರುವಾಗಬೇಕು? ಅಲ್ಲಿ ಕೇಳಿದವನು ತನ್ನ ಊರನ್ನೂ ಹೇಳುತ್ತಿದ್ದ. ತನ್ನ ಊರು ಹೇಳದೆ ನಮ್ಮ ಊರು ಮಾತ್ರ ಕೇಳುವವನ ಬಗ್ಗೆ ನಾವು ಜಾಗ್ರತೆಯಿಂದಿರಬೇಕು.

ಇನ್ನು "ಮದ್ರಾಸಿ" ಎಂಬ ಹೆಸರು. 1956ರ ಅಕ್ಟೋಬರ್ 31ರ ತನಕ ಮಂಗಳೂರು, ಉಡುಪಿಯ ಹುಡುಗ ಕಾಗದದ ಮೇಲೆ ಮದ್ರಾಸ್ ರಾಜ್ಯದವನೇ ಆಗಿದ್ದ. ಅದೇ ದಿನದ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರು ಮುಂಬಯಿ ರಾಜ್ಯದವರು. ವಿಜಾಪುರದಿಂದ ಬಂದು ಇಲ್ಲಿ ಮಗ್ಗ ನಡೆಸುತ್ತಿದ್ದವನು ತನ್ನದೇ ರಾಜಧಾನಿಯಲ್ಲಿ ದುಡಿಯುತ್ತಿದ್ದ. ಮರುದಿನ ನವೆಂಬರ್ 1ರಂದು ಇಬ್ಬರ ಊರುಗಳೂ ಮೈಸೂರು ರಾಜ್ಯ ಸೇರಿದವು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಏಕೀಕರಣ ನಮಗೆ ಹೆಮ್ಮೆಯ ಸಂಗತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಾತ್ರಿ ಹೋಟೆಲಿನ ಬೆಂಚಿನ ಮೇಲೆ ಮಲಗಿದವನು ಬೆಳಿಗ್ಗೆ ಎದ್ದದ್ದು ಅದೇ ಬೆಂಚಿನ ಮೇಲೆ. ಸಂಬಳವೂ ಅಷ್ಟೇ ಇತ್ತು.

1966ರಲ್ಲಿ ಶಿವಸೇನೆ ಹುಟ್ಟಿತು. ಅದರ ಮೊದಲ ವರ್ಷಗಳಲ್ಲಿ ದಕ್ಷಿಣದವರು ಕೆಲಸ ಕಸಿದರೆಂಬ ಕೂಗು ಎದ್ದಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಭಾರತದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗೆ ಕೊಟ್ಟಿದೆ. ಕಲ್ಲು ಎಸೆಯುವವನು ವಿಧಿ ಓದಿ ಬರುವುದಿಲ್ಲ. ಅದೇ ಕಾಲದಲ್ಲಿ, 1967ರ ಚುನಾವಣೆಯಲ್ಲಿ, ಮಂಗಳೂರಿನಿಂದ ಬಂದು ಇಲ್ಲಿ ಹೋಟೆಲು, ಟ್ಯಾಕ್ಸಿ ಕಾರ್ಮಿಕರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸರು ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಅವರ ಊರು ಯಾವುದೆಂದು ಮತದಾರರಿಗೆ ಗೊತ್ತಿರಲಿಲ್ಲವೇ?

ಪರರ ಮಾತು ಇಷ್ಟು ಸಾಕು. ನಮ್ಮವರ ಮಾತಿಗೆ ಬರೋಣ. ಗಲ್ಲಾದ ಮೇಲೆ ಕುಳಿತ ನಮ್ಮೂರ ಧಣಿಗಳು ಹೊಸ ಹುಡುಗನನ್ನು ಹೇಗೆ ಮಾತಾಡಿಸುತ್ತಾರೆ? "ಯಾವ ಊರು ಮಾರಾಯಾ? ಯಾರ ಪೈಕಿ?" ಈ ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ಯಾರು ಅಡುಗೆಮನೆಗೆ, ಯಾರು ಮುಸುರೆಗೆ ಎಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ "ನಮ್ಮೂರಿನವನಲ್ಲವಾ" ಎಂಬ ವಾತ್ಸಲ್ಯ. ಊರಿನವನಾದ್ದರಿಂದ ಹಾಜರಿ ಪುಸ್ತಕದಲ್ಲಿ ಹೆಸರು ಬೇಡ, ಹೆಚ್ಚು ಹೊತ್ತು ದುಡಿದದ್ದಕ್ಕೆ ಲೆಕ್ಕ ಬೇಡ, ವಾರದ ರಜೆ ಬೇಡ. ಬಾಯಿ ತೆರೆದರೆ "ನಿನ್ನ ಅಪ್ಪನಿಗೆ ತಿಳಿಸುತ್ತೇನೆ" ಎಂಬ ಬೆದರಿಕೆ. ಇಂಥ ಹುಡುಗರನ್ನು ಸಂಘಕ್ಕೆ ಕರೆತರುವಷ್ಟು ಕಷ್ಟ ನಮಗೆ ಬೇರಾವ ಕೆಲಸದಲ್ಲೂ ಇಲ್ಲ. ಕಲ್ಲಿಗೆ ಹೆದರದವನು ಊರಿನ ದಾಕ್ಷಿಣ್ಯಕ್ಕೆ ಹೆದರುತ್ತಾನೆ.

ಈಗ ಮುಸುರೆ ತಿಕ್ಕಲು ನಮ್ಮ ಜಿಲ್ಲೆಗಳ ಹುಡುಗರು ಬರುವುದು ಕಡಿಮೆ. ಒಡಿಶಾ, ಜಾರ್ಖಂಡ್, ಬಿಹಾರದವರು ಬರುತ್ತಾರೆ, ನೇಪಾಳದವರು ಬರುತ್ತಾರೆ. ನೇಪಾಳದವರು ಇಲ್ಲಿದ್ದು ದುಡಿಯಲು 1950ರ ಒಪ್ಪಂದದ ಆಧಾರವಿದೆ. ಅವರೆಲ್ಲರಿಗೂ ಹೆಸರು ಒಂದೇ, "ಬಹಾದ್ದೂರ್". ಕರೆಯುವವರಲ್ಲಿ ನಮ್ಮ ಸಪ್ಲಯರುಗಳೂ ಇದ್ದಾರೆ, ಭಟ್ಟರೂ ಇದ್ದಾರೆ. "ಏ ಮದ್ರಾಸಿ" ಎಂದರೆ ಇವರ ಅಜ್ಜಂದಿರ ಮೈ ಉರಿಯುತ್ತಿತ್ತು.

ಆದ್ದರಿಂದ ಬರುವ ಮಹಾಸಭೆಯ ಮುಂದೆ ನಾವು ಒಂದು ಸೂಚನೆ ಇಡಲಿದ್ದೇವೆ. ನಮ್ಮ ಸದಸ್ಯತ್ವದ ಫಾರಮಿನಲ್ಲಿರುವ "ಮಾತೃಭಾಷೆ" ಮತ್ತು "ಜಿಲ್ಲೆ" ಎಂಬ ಎರಡು ಕಲಮುಗಳನ್ನು ತೆಗೆಯಬೇಕು. "ಊರಿನ ವಿಳಾಸ" ಇರಲಿ. ಕಾಯಿಲೆ ಬಿದ್ದರೆ, ಕೈ ಸುಟ್ಟುಕೊಂಡರೆ ಯಾರಿಗೆ ತಿಳಿಸಬೇಕೆಂದು ಬರೆಯಲು ಅದು ಬೇಕು. ಹಾಗಾದರೆ ಇದು ಕನ್ನಡದ ಸಂಘವಾಗಿ ಉಳಿದೀತೇ ಎಂದು ಹಿರಿಯರು ಕೇಳುತ್ತಿದ್ದಾರೆ. ಅವರ ಕಳವಳ ಹಗುರವಾದದ್ದಲ್ಲ. ವಾಚನಾಲಯ, ರಾಜ್ಯೋತ್ಸವ, ಈ ಪತ್ರಿಕೆ ಎಲ್ಲವೂ ಕನ್ನಡದಲ್ಲೇ ನಡೆಯಲಿ, ಅದರಲ್ಲಿ ಒಂದಕ್ಷರ ಕಡಿಮೆಯಾಗಬಾರದು. ಆದರೆ ಸಂಬಳದ ದೂರನ್ನು ಹಿಡಿದು ಒಂದು ಅಡುಗೆಮನೆಯಿಂದ ಹತ್ತು ಜನ ಹೊರಟಾಗ ನಾಲ್ವರಿಗಷ್ಟೇ ಸಂಘದ ಚೀಟಿ ಇದ್ದರೆ, ಉಳಿದ ಆರು ಜನರನ್ನು ಧಣಿ ಅದೇ ಸಂಜೆ ಬೇರೆ ಮಾಡಿಬಿಡುತ್ತಾನೆ.

ಫಾರಮನ್ನು ಹಿಂದಿ, ನೇಪಾಳಿ, ಒಡಿಯಾ ಭಾಷೆಗಳಲ್ಲೂ ಅಚ್ಚು ಹಾಕಿಸಬೇಕಾಗುತ್ತದೆ. ಆ ಭಾಷೆಗಳಲ್ಲಿ ಬರೆದುಕೊಡಬಲ್ಲ ಹುಡುಗರು ನಿಮ್ಮ ಹೋಟೆಲಿನಲ್ಲಿದ್ದರೆ ಮಹಾಸಭೆಗೆ ಮೊದಲು ನಮ್ಮಲ್ಲಿಗೆ ಕರೆತನ್ನಿ.