ಓಂ ಶಾಂತಿ ಎಂದು ಬರೆದ ಮೇಲೆ

ಹೋದ ವರ್ಷ ನಮ್ಮ ಶೂಟಿಂಗ್ ಕ್ಲಬ್ಬಿನ ಕಾಕಾ ತೀರಿಕೊಂಡರು. ಸುದ್ದಿ ಬಂದದ್ದು ವಾಟ್ಸ್ಆಪ್ ಗುಂಪಿನಲ್ಲಿ, ಬೆಳಿಗ್ಗೆ ಏಳು ಗಂಟೆಗೆ. ಒಂಬತ್ತರೊಳಗೆ ಅರವತ್ತಕ್ಕೂ ಹೆಚ್ಚು ಜನ ಕೈಮುಗಿದ ಚಿತ್ರ ಹಾಕಿ ‘ಓಂ ಶಾಂತಿ’ ಎಂದು ಬರೆದಿದ್ದರು. ಅವರಲ್ಲಿ ನಾನೂ ಒಬ್ಬ. ಹತ್ತೂಕಾಲಿಗೆ ಯಾರೋ ಪೆಲೆಟ್ ಡಬ್ಬಿಯ ದರ ಕೇಳಿದರು, ಇನ್ಯಾರೋ ಉತ್ತರ ಕೊಟ್ಟರು. ಕ್ಲಬ್ಬಿನ ಮಟ್ಟಿಗೆ ಕಾಕಾ ಅಲ್ಲಿಗೆ ಮುಗಿದರು.

ಕಾಕಾ ಬೆಳಗಾವಿ ಕಡೆಯವರು. ಪುಣೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಅವರು ಪದಕ ಗೆದ್ದವರಲ್ಲ. ಮಕ್ಕಳ ಏರ್ ಪಿಸ್ತೂಲಿನ ಸೀಲ್ ಸೋರಿದರೆ ಬಿಚ್ಚಿ ಸರಿಮಾಡುವುದು, ಟ್ರಿಗರ್ ತೂಕ ನೋಡಿಕೊಡುವುದು, ಪಂದ್ಯದ ದಿನ ಟಾರ್ಗೆಟ್ ಕಾಗದಗಳ ಅಂಕ ಎಣಿಸುವುದು ಅವರ ಕೆಲಸ. ಎಲೆಕ್ಟ್ರಾನಿಕ್ ಟಾರ್ಗೆಟ್ ಬರುವ ಮೊದಲು ಈ ಎಣಿಕೆ ಎಷ್ಟು ಸೂಕ್ಷ್ಮದ್ದಾಗಿತ್ತು ಎಂದು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಏರ್ ರೈಫಲ್ ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ 0.5 ಮಿಲಿಮೀಟರ್. ಪೆಲೆಟ್ಟಿನ ಅಗಲ 4.5 ಮಿಲಿಮೀಟರ್. ಪೆಲೆಟ್ ಗೆರೆಗೆ ತಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ತೂತಿನೊಳಗೆ ಗೇಜ್ ಇಳಿಸಿ, ಭೂತಗನ್ನಡಿಯಲ್ಲಿ ನೋಡಿ ತೀರ್ಪು ಕೊಡಬೇಕು. ಗೇಜನ್ನು ಒಂದೇ ಸಲ ಇಳಿಸಬೇಕು, ಏಕೆಂದರೆ ಎರಡನೇ ಸಲ ಇಳಿಸಿದರೆ ಕಾಗದ ಹಿಗ್ಗಿ ತೀರ್ಪೇ ಬದಲಾಗಬಹುದು. ನನ್ನ ಮಗಳ ಒಂದು ಹತ್ತನ್ನು ಕಾಕಾ ಒಮ್ಮೆ ಒಂಬತ್ತು ಎಂದರು. ಆ ಒಂದು ಅಂಕದಲ್ಲಿ ಅವಳಿಗೆ ಜಿಲ್ಲಾ ಪದಕ ತಪ್ಪಿತು. ನಾನು ವಾದಕ್ಕೆ ಹೋದೆ. ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ನೋಡಿದೆ. ಅದು ಒಂಬತ್ತೇ.

ಅವರು ತೀರಿಕೊಂಡ ದಿನ ನಮಗೆ ಮುಂಬೈಯಲ್ಲಿ ಪಂದ್ಯವಿತ್ತು. ನಾವು ಹೋದೆವು. ಪಂದ್ಯ ಶುರುವಾಗುವ ಮೊದಲು ಒಂದು ನಿಮಿಷ ಮೌನ ಆಚರಿಸಿದೆವು. ನಿಜ ಹೇಳಬೇಕೆಂದರೆ ಶೂಟಿಂಗ್ ರೇಂಜಿನಲ್ಲಿ ಒಂದು ನಿಮಿಷದ ಮೌನಕ್ಕೆ ಅಷ್ಟೇನೂ ಅರ್ಥವಿಲ್ಲ. ಮೌನ ನಮ್ಮ ದಿನನಿತ್ಯದ ಅಭ್ಯಾಸ.

ಕಾಕಾ ಮನೆಗೆ ನಾನು ಹೋದದ್ದು ಮೂರು ವಾರ ಕಳೆದ ಮೇಲೆ. ಕಾಕು ಚಹಾ ಮಾಡಿಕೊಟ್ಟರು. ಮಾತಿನ ನಡುವೆ ನನಗೆ ತಟ್ಟನೆ ನೆನಪಾಗಿ, ಕಾಕಾ ಹೆಸರಿನಲ್ಲಿದ್ದ ಪಾಯಿಂಟ್ ಟೂ ಟೂ ರೈಫಲ್ ಏನಾಯಿತು ಎಂದು ಕೇಳಿದೆ.

“ಪೊಲೀಸ್ ಸ್ಟೇಷನ್‌ಗೆ ಕೊಟ್ಟು ಬಂದೆ. ಅವರ ಡೈರಿಯೊಳಗ ಬರದಿಟ್ಟಿದ್ರು, ನಾ ಹೋದ ಮ್ಯಾಲೆ ಬಂದೂಕು ಮನ್ಯಾಗ ಇಟ್ಕೋಬಾರದು ಅಂತ. ಯಾರಿಗೆ ಕೇಳಬೇಕಂತ ತಿಳೀಲಿಲ್ಲ. ಪಕ್ಕದ ಮನಿ ಹುಡುಗನ್ನ ಕರಕೊಂಡು ಆಟೋದಾಗ ಹೋದೆ. ಎರಡು ದಿನ ಓಡಾಡಿಸಿದ್ರು,” ಎಂದರು. ಆಮೇಲೆ, “ನಿಮ್ಮ ಮ್ಯಾಚು ಹೆಂಗಾತು?” ಎಂದು ಕೇಳಿದರು.

ಅವರು ಚುಚ್ಚಿ ಕೇಳಲಿಲ್ಲ. ನಲವತ್ತು ವರ್ಷ ಗಂಡನನ್ನು ಕೇಳಿದಂತೆ ನನ್ನನ್ನೂ ಕೇಳಿದರು. ನನಗೆ ಉತ್ತರ ಹೇಳಲಾಗಲಿಲ್ಲ.

ಬಂದೂಕಿನ ಲೈಸೆನ್ಸ್ ಇದ್ದವರು ತೀರಿಕೊಂಡರೆ ಆ ಲೈಸೆನ್ಸ್ ಮನೆಯವರಿಗೆ ತಾನಾಗಿ ಬರುವುದಿಲ್ಲ ಎಂಬುದು ನಮ್ಮ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಆಯುಧವನ್ನು ತಡಮಾಡದೆ ಪೊಲೀಸ್ ಠಾಣೆಗೋ ಪರವಾನಗಿ ಇರುವ ಡೀಲರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳುವುದೋ, ಲೈಸೆನ್ಸ್ ಇರುವವರಿಗೆ ಮಾರುವುದೋ ಆಮೇಲಿನ ಮಾತು. ಈ ನಿಯಮ ಗೊತ್ತಿದ್ದ, ಠಾಣೆಯಲ್ಲಿ ಹೇಗೆ ಮಾತಾಡಬೇಕೆಂದು ಗೊತ್ತಿದ್ದ ಅರವತ್ತು ಜನ ಫೋನಿನಲ್ಲಿ ಕೈಮುಗಿದು ಕೂತಿದ್ದೆವು. ಏನೂ ಗೊತ್ತಿಲ್ಲದ ಹೆಂಗಸೊಬ್ಬರು ಸೂತಕದ ಮನೆಯಿಂದ ರೈಫಲ್ ಹೊತ್ತುಕೊಂಡು ಆಟೋ ಹತ್ತಿದರು.

ನನ್ನ ಅಜ್ಜಿಯ ಊರು ಕುಶಾಲನಗರದ ಹತ್ತಿರ. ನಾವು ಕೊಡವರಲ್ಲ, ಆದರೆ ಅಕ್ಕಪಕ್ಕದ ಕೊಡವ ಮನೆಗಳ ರೀತಿನೀತಿ ನೋಡಿಕೊಂಡು ಬೆಳೆದವನು ನಾನು. ಅಲ್ಲಿ ಬಂದೂಕಿಗೆ ಪೂಜೆ ಉಂಟು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಸುತ್ತಾರೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಎರಡು ಗುಂಡಿನ ಸದ್ದು ಕೇಳಿದರೆ ಸುತ್ತಲಿನವರು ಕೈಲಿದ್ದ ಕೆಲಸ ಬಿಟ್ಟು ಆ ಮನೆಗೆ ನಡೆಯುತ್ತಾರೆ. ಸದ್ದು ಮಾಡುವುದು ಸಾವಿನ ಸುದ್ದಿ ಮುಟ್ಟಿಸುವುದಕ್ಕೆ ಮಾತ್ರವಲ್ಲ, ‘ಬನ್ನಿ, ಇಲ್ಲಿ ಕೆಲಸವಿದೆ’ ಎಂದು ಕರೆಯುವುದಕ್ಕೂ ಹೌದು. ಬಂದೂಕನ್ನು ಇಷ್ಟು ಹತ್ತಿರ ಇಟ್ಟುಕೊಂಡ ನಮ್ಮ ಶೂಟಿಂಗ್ ಬಳಗಕ್ಕೆ ಇಂಥದೊಂದು ಕರೆ ಇಲ್ಲ. ಇದು ನಮ್ಮೊಂದು ಕ್ಲಬ್ಬಿನ ಮಾತೂ ಅಲ್ಲ.

ಹಾಗೆಂದು ಭಾರತದ ಶೂಟಿಂಗ್ ತನ್ನವರನ್ನು ಮರೆತೇಬಿಟ್ಟಿದೆ ಎನ್ನಲಾಗದು. ಹೆಸರುಗಳನ್ನು ಅದು ಚೆನ್ನಾಗಿಯೇ ಉಳಿಸಿಕೊಂಡಿದೆ. ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ಹೋಗಬೇಕೆಂಬ ಸಾವಿರಾರು ಮಕ್ಕಳು ‘ಮಾವಳಂಕರ್’ ಆಡುತ್ತಾರೆ. ಮಾವಳಂಕರ್ ಎಂದರೆ ಅವರ ಪಾಲಿಗೆ ಒಂದು ಪಂದ್ಯ, ಒಂದು ಅರ್ಹತಾ ಅಂಕ. ಲೋಕಸಭೆಯ ಮೊದಲ ಸ್ಪೀಕರ್ ಆಗಿದ್ದ ಜಿ.ವಿ. ಮಾವಳಂಕರ್ ಅವರೇ 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘವನ್ನು ಕಟ್ಟಿದವರು ಎಂದು ನಮ್ಮ ಕ್ಲಬ್ಬಿನ ಎಷ್ಟು ಮಕ್ಕಳಿಗೆ ಗೊತ್ತು ಎಂದು ಒಮ್ಮೆ ಕೇಳಿ ನೋಡಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಕುಮಾರ್ ಸುರೇಂದ್ರ ಸಿಂಗ್ ಸ್ಮಾರಕ ಪಂದ್ಯ ‘ಕೆಎಸ್‌ಎಸ್’ ಎಂಬ ಮೂರು ಅಕ್ಷರವಾಗಿದೆ. ‘ಸ್ಮಾರಕ’ ಎಂಬ ಮಾತು ನಾಲಗೆಯಿಂದ ಜಾರಿಹೋಗಿದೆ.

ದೆಹಲಿಯಲ್ಲಿರುವ ಓದುಗರಿಗೆ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜ್ ಗೊತ್ತಿರುತ್ತದೆ. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1960ರ ರೋಮ್‌ನಿಂದ 1980ರ ಮಾಸ್ಕೋವರೆಗೆ ಐದು ಒಲಿಂಪಿಕ್ಸ್ ಆಡಿದವರು, 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್ಪಿನ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದವರು, ಅರ್ಜುನ ಪ್ರಶಸ್ತಿ ಪಡೆದ ಮೊದಲ ಶೂಟರ್. 1988ರಲ್ಲಿ ತೀರಿಕೊಂಡರು. ಅವರ ವಿಷಯ ನಮಗೆ ಇಷ್ಟು ತಿಳಿದಿರುವುದಕ್ಕೆ ಒಂದು ಕಾರಣ, ಅವರು ತಮ್ಮ ಶೂಟಿಂಗ್ ನೆನಪುಗಳನ್ನು ಪುಸ್ತಕ ಮಾಡಿದ್ದು. ಮಹಾರಾಜರು ತಮ್ಮ ಕತೆ ತಾವೇ ಬರೆದುಕೊಳ್ಳಬಲ್ಲರು. ಫಿಟ್ಟರ್‌ಗಳ ಕತೆಯನ್ನು ಬೇರೆ ಯಾರಾದರೂ ಬರೆಯಬೇಕು.

ಕೋಚ್‌ಗಳ ಸ್ಥಿತಿ ಈ ಎರಡರ ನಡುವಿನದು. ಕೇರಳದ ಪ್ರೊ. ಸನ್ನಿ ಥಾಮಸ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. 1993ರಿಂದ 2012ರವರೆಗೆ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆಗಿದ್ದರು. ಅವರು ಬಂದಾಗ ಭಾರತಕ್ಕೆ ಶೂಟಿಂಗ್‌ನಲ್ಲಿ ಒಂದೂ ಒಲಿಂಪಿಕ್ ಪದಕ ಇರಲಿಲ್ಲ. ಅವರು ಬಿಡುವ ಹೊತ್ತಿಗೆ ನಾಲ್ಕು ಇದ್ದವು: 2004ರಲ್ಲಿ ರಾಜ್ಯವರ್ಧನ್ ರಾಥೋಡ್ ಅವರ ಬೆಳ್ಳಿ, 2008ರಲ್ಲಿ ಅಭಿನವ್ ಬಿಂದ್ರಾ ಅವರ ಚಿನ್ನ, 2012ರಲ್ಲಿ ವಿಜಯ್ ಕುಮಾರ್ ಅವರ ಬೆಳ್ಳಿ ಮತ್ತು ಗಗನ್ ನಾರಂಗ್ ಅವರ ಕಂಚು. 2025ರ ಏಪ್ರಿಲ್ 30ರಂದು ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಈ ನಾಲ್ಕು ಪದಕಗಳ ಪಟ್ಟಿಯೇ. ಸೋತು ಕೂತ ಹುಡುಗನ ಹತ್ತಿರ ಒಬ್ಬ ಇಂಗ್ಲಿಷ್ ಮೇಷ್ಟ್ರು ಏನು ಹೇಳುತ್ತಿದ್ದರು ಎಂಬುದು ಅಂಥ ಪಟ್ಟಿಯಲ್ಲಿ ಹೇಗೆ ಸಿಗಬೇಕು? ಅದು ಆ ಹುಡುಗರ ನೆನಪಿನಲ್ಲಿದೆ. ಅವರಿಗೂ ವಯಸ್ಸಾಗುತ್ತಿದೆ.

ನಾಲ್ಕು ವರ್ಷ ಮುಂಚೆ, 2021ರ ಅದೇ ಏಪ್ರಿಲ್ 30ರಂದು, ಕೋವಿಡ್‌ನಿಂದ ಚಂದ್ರೋ ತೋಮರ್ ಹೋದರು. ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯ ಈ ಅಜ್ಜಿ ಮೊಮ್ಮಗಳನ್ನು ರೇಂಜಿಗೆ ಕರೆದುಕೊಂಡು ಹೋಗಿ, ಅರವತ್ತು ದಾಟಿದ ಮೇಲೆ ತಾನೇ ಪಿಸ್ತೂಲು ಹಿಡಿದವರು. ಅವರ ಮೇಲೆ ಹಿಂದಿ ಸಿನಿಮಾ ಬಂದಿತ್ತು, ಹಾಗಾಗಿ ದೇಶಕ್ಕೆ ಗೊತ್ತಾಯಿತು. ಮೂರು ವಾರದ ನಂತರ ನಾಸಿಕ್‌ನ ಪಿಸ್ತೂಲ್ ಕೋಚ್ ಮೊನಾಲಿ ಗೋರ್ಹೆ ಹೋದರು. ಕೋವಿಡ್ ಬಂದು ಹೋದ ಮೇಲೆ ಕಪ್ಪು ಶಿಲೀಂಧ್ರ ತಗಲಿತ್ತು. ಅದೇ ದಿನ ಅವರ ತಂದೆಯೂ ತೀರಿಕೊಂಡರು. ಅವರ ಮೇಲೆ ಸಿನಿಮಾ ಇಲ್ಲ. ಪುಣೆಯಿಂದ ನಾಸಿಕ್ ಐದಾರು ತಾಸಿನ ದಾರಿ. ಆದರೂ ನಮ್ಮ ರೇಂಜಿನಲ್ಲಿ ಈಗ ಪಿಸ್ತೂಲು ಹಿಡಿಯುವ ಹುಡುಗಿಯರಿಗೆ ಆ ಹೆಸರು ಹೊಸದು.

ಈ ಮಾತನ್ನು ಕ್ಲಬ್ಬಿನ ಸಭೆಯಲ್ಲಿ ಎತ್ತಿದಾಗ ಎರಡು ಆಕ್ಷೇಪ ಬಂದವು. ಎರಡರಲ್ಲೂ ಹುರುಳಿದೆ.

ಒಂದು, ಆಟ ಇರುವುದು ಮುಂದಿನವರಿಗೆ, ಹೋದವರ ಹೆಸರಿನಲ್ಲಿ ಖರ್ಚು ಮಾಡುವ ದುಡ್ಡಿನಲ್ಲಿ ಹತ್ತು ಬಡ ಮಕ್ಕಳಿಗೆ ಪೆಲೆಟ್ ಕೊಡಿಸಬಹುದು ಎಂಬುದು. ಒಪ್ಪುತ್ತೇನೆ. ಟ್ರೋಫಿ, ಫ್ಲೆಕ್ಸ್, ಶಾಲುಗಳಿಗೆ ದುಡ್ಡು ಹಾಕುವುದು ಬೇಡವೇ ಬೇಡ. ನಾನು ಕೇಳುತ್ತಿರುವುದು ದುಡ್ಡಲ್ಲ, ಒಂದಿಷ್ಟು ಹೊತ್ತು. ಮುಂದಿನವರಿಗೂ ಇದರಿಂದ ಲಾಭವಿದೆ. ಸೀಲ್ ಸೋರುವುದನ್ನು ಕಾಕಾ ಸದ್ದಿನಲ್ಲೇ ಗುರುತಿಸುತ್ತಿದ್ದರು. ಅದನ್ನು ಯಾರೂ ಕೇಳಿ ಕಲಿಯಲಿಲ್ಲ. ಈಗ ಅದೇ ರಿಪೇರಿಗೆ ಪಿಸ್ತೂಲನ್ನು ಬೇರೆ ಊರಿಗೆ ಕಳಿಸಿ ಮಕ್ಕಳು ಒಂದು ತಿಂಗಳು ಕೈಕಟ್ಟಿ ಕೂರುತ್ತಾರೆ.

ಇನ್ನೊಂದು, ಸತ್ತವರನ್ನು ನೆನೆಯಲು ಹೊರಟರೆ ಎಲ್ಲರೂ ದೇವರಾಗುತ್ತಾರೆ, ಸುಳ್ಳು ಹೊಗಳಿಕೆ ಕೇಳಿ ಮಕ್ಕಳಿಗೇನು ಸಿಗುತ್ತದೆ ಎಂಬುದು. ಇದು ಹೆಚ್ಚು ಗಟ್ಟಿಯಾದ ಆಕ್ಷೇಪ. ಕಾಕಾಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು. ಎಲೆಕ್ಟ್ರಾನಿಕ್ ಟಾರ್ಗೆಟ್ ಬಂದಾಗ ಒಂದು ವರ್ಷ ರೇಂಜಿಗೆ ಕಾಲಿಡದೆ ಹಟ ಹಿಡಿದಿದ್ದರು. ಯಂತ್ರವೂ ತಪ್ಪುತ್ತದೆ ಎಂದು ವಾದಿಸುತ್ತಿದ್ದರು, ಅದರಲ್ಲಿ ಅವರದ್ದೇ ಹೆಚ್ಚು ತಪ್ಪು. ಬರೆಯುವುದಾದರೆ ಇದನ್ನೂ ಬರೆಯಬೇಕು. ಗೆರೆಗೆ ತಾಗದ ಗುಂಡನ್ನು ತಾಗಿದೆ ಎನ್ನದವರ ಬಗ್ಗೆ ಸುಳ್ಳು ಬರೆದರೆ ಅದು ಅವರಿಗೇ ಅವಮಾನ.

ಹಾಗಾದರೆ ಏನು ಮಾಡಬೇಕು? ನಾವು ನಾಲ್ಕು ಸಣ್ಣ ಕೆಲಸಗಳನ್ನು ಶುರುಮಾಡಿದ್ದೇವೆ. ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿಯ ರೇಂಜುಗಳಿಗೆ ಮಕ್ಕಳನ್ನು ಕರೆದೊಯ್ಯುವ ಓದುಗರೂ ಮಾಡಬಹುದಾದವು ಇವು.

ಮೊದಲನೆಯದು, ಸಾವಿನ ಸುದ್ದಿ ಬಂದ ದಿನವೇ ಇಬ್ಬರ ಹೆಸರು ಗೊತ್ತುಮಾಡುವುದು. ಅವರು ಆ ಮನೆಗೆ ಹೋಗಬೇಕು. ಲೈಸೆನ್ಸ್, ಆಯುಧ, ಗುಂಡುಗಳ ಲೆಕ್ಕ ನೋಡಿ ಮನೆಯವರ ಜೊತೆ ಠಾಣೆಗೋ ಡೀಲರ್ ಹತ್ತಿರಕ್ಕೋ ಹೋಗಿ ರಸೀದಿ ಕೈಗೆ ಬರುವ ತನಕ ಇರಬೇಕು. ಮಿಕ್ಕವರು ಓಂ ಶಾಂತಿ ಬರೆಯಬಹುದು.

ಎರಡನೆಯದು, ಯಾರ ಹೆಸರಿನಲ್ಲಿ ಪಂದ್ಯ ನಡೆಯುತ್ತದೋ ಅವರ ಬಗ್ಗೆ ಮೊದಲ ಸುತ್ತಿಗೆ ಮುಂಚೆ ಒಂದು ಪುಟ ಓದುವುದು. ಅದನ್ನು ಓದುವವರು ಪದಾಧಿಕಾರಿಯಾಗಬಾರದು, ಅಂದು ಆಡಲು ಬಂದ ಅತ್ಯಂತ ಕಿರಿಯ ಶೂಟರ್ ಆಗಬೇಕು. ಇದಕ್ಕೆ ಮೂರು ನಿಮಿಷ ಸಾಕು.

ಮೂರನೆಯದು, ಹಿರಿಯರು ಬದುಕಿರುವಾಗಲೇ ಕೇಳುವುದು. ಎಲ್ಲರ ಕೈಯಲ್ಲೂ ಫೋನಿದೆ. ಅವರ ಮಾತನ್ನು ಅವರ ಭಾಷೆಯಲ್ಲೇ ರೆಕಾರ್ಡ್ ಮಾಡಿ. ಕಾಕಾ ಜೊತೆ ನಾನು ಹದಿನೈದು ವರ್ಷ ಕನ್ನಡದಲ್ಲಿ ಹರಟಿದ್ದೇನೆ. ಅವರ ದನಿ ನನ್ನ ಫೋನಿನಲ್ಲಿ ಉಳಿದಿರುವುದು ಹನ್ನೊಂದು ಸೆಕೆಂಡು ಮಾತ್ರ: ರೇಂಜಿನ ಬೀಗದ ಕೈ ಎಲ್ಲಿಟ್ಟಿದ್ದೇನೆ ಎಂದು ಹೇಳಿದ್ದು.

ನಾಲ್ಕನೆಯದು, ಕ್ಲಬ್ಬಿನಲ್ಲಿ ಒಂದು ನೋಟ್ ಪುಸ್ತಕ ಇಡುವುದು. ಪದಕ ಗೆದ್ದವರ ಹೆಸರು ಗೋಡೆಯ ಮೇಲೆ ಹೇಗೂ ಇರುತ್ತದೆ. ಈ ಪುಸ್ತಕದಲ್ಲಿ ಟಾರ್ಗೆಟ್ ಬದಲಿಸಿದವರು, ರೇಂಜ್ ಗುಡಿಸಿದವರು, ರಿಪೇರಿ ಮಾಡಿದವರು, ಅಂಕ ಎಣಿಸಿದವರು ಇರಬೇಕು. ಹೆಸರು, ಊರು, ಮಾಡಿದ ಕೆಲಸ, ಜೊತೆಗೆ ಅವರನ್ನು ಕಂಡವರು ಬರೆದ ನಾಲ್ಕು ಸಾಲು.

ನಮ್ಮ ಪುಸ್ತಕದ ಮೊದಲ ಪುಟವನ್ನು ನಾನೇ ಬರೆದೆ. ಒಂಬತ್ತರ ಕತೆ ಅದರಲ್ಲಿದೆ, ಒಂದು ವರ್ಷದ ಮುನಿಸೂ ಇದೆ. ಬರೆದು ಮುಗಿಸಿ ಕಾಕುಗೆ ಓದಿ ಹೇಳಿದೆ. ಸುಮ್ಮನೆ ಕೇಳಿದರು. ಊರಿನ ಹೆಸರು ಬಂದಲ್ಲಿ ನಿಲ್ಲಿಸಿ, “ಬೆಳಗಾವಿ ಅಂತ ಯಾಕ ಬರದ್ರಿ? ಅವರ ಊರು ಬೈಲಹೊಂಗಲ,” ಎಂದರು.

ಹದಿನೈದು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅಲ್ಲೇ ಕೂತು ತಿದ್ದಿದೆ.