ಹಾಡಿಗೆ ಹೆಸರಿಡುವ ಕೆಲಸ

ಸಂಗೀತಪ್ರಿಯರ ಮನೆಗಳಲ್ಲಿ ಈಗೀಗ ಒಂದು ಹೊಸ ಸಂಕಟ ತಲೆದೋರಿದೆ. ಕಪಾಟಿನ ತುಂಬ ಸಿ.ಡಿ.ಗಳಿವೆ, ನುಡಿಸುವ ಯಂತ್ರ ಮಾತ್ರ ಕೆಟ್ಟು ಮೂಲೆ ಸೇರಿದೆ. ಹೊಸ ಲ್ಯಾಪ್‌ಟಾಪುಗಳಿಗಂತೂ ಆ ತಟ್ಟೆಯನ್ನು ನುಂಗುವ ಬಾಯಿಯೇ ಇಲ್ಲ. ‘ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ, ಇವನ್ನು ಸಾಗಹಾಕೋಣ’ ಎಂದು ಮಕ್ಕಳು. ಕರುಳು ಒಪ್ಪದ ಹಿರಿಯರು. ನಡುವಣ ದಾರಿಯೊಂದುಂಟು. ಇದ್ದುದೆಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಅಂಗೈಯಗಲದ ಹಾರ್ಡ್‌ಡಿಸ್ಕಿನಲ್ಲಿ ಮನೆಯದೇ ಒಂದು ಸಂಗೀತ ಭಂಡಾರವನ್ನು ಕಟ್ಟಿಕೊಳ್ಳುವುದು.

ಕುಂದಗೋಳ ಸೀಮೆಯ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ ಕಳೆದ ಬೇಸಗೆಯ ರಜೆಯಿಂದ ಈ ಕೆಲಸ ನಡೆದಿದೆ. ಬಿಡುವಾದಾಗಲೆಲ್ಲ ನಾನೂ ಕೈಹಚ್ಚುತ್ತೇನೆ. ಅವರ ಬಳಿ ನಾನೂರಕ್ಕೆ ಮಿಕ್ಕ ತಟ್ಟೆಗಳಿವೆ. ಸೋಜಿಗವೇನು? ಕುಂದಗೋಳವೆಂದರೆ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡ ಊರು. ಭೀಮಸೇನ ಜೋಶಿಯವರು ಗುರುಗಳ ಮನೆಗೆ ನೀರು ಹೊತ್ತ ಊರು. ಬಸವರಾಜ ರಾಜಗುರುಗಳ ಯಲಿವಾಳವೂ ಅದೇ ತಾಲೂಕಿನದು. ಅಲ್ಲಿ ಮಳೆ ಹಿಂದುಮುಂದಾದೀತು, ಗಾಯನಕ್ಕೆ ಬರವಿಲ್ಲ.

ಇಳಿಸುವ ಕೆಲಸ ನೋಡುವವರು ಅಂಜುವಷ್ಟು ಕಠಿಣವಲ್ಲ. ‘ಪರಿವರ್ತನೆ’ ಎಂಬ ಮಾತೇ ತುಸು ದೊಡ್ಡದು. 1982ರಲ್ಲಿ ಮಾರುಕಟ್ಟೆಗೆ ಬಂದಂದಿನಿಂದಲೂ ಸಿ.ಡಿ.ಯೊಳಗೆ ಇರುವುದು ಅಂಕಿಗಳೆ. ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆದು ಅದರಲ್ಲಿ ಬರೆದಿಟ್ಟಿರುತ್ತಾರೆ. ಆ ಅಂಕಿಗಳನ್ನು ತಪ್ಪಿಲ್ಲದೆ ನಕಲು ಮಾಡಿಕೊಂಡರಾಯಿತು. ಹೊರಗಿನಿಂದ ಜೋಡಿಸುವ ಒಂದು ಡ್ರೈವ್ ಬೇಕು, ತಟ್ಟೆಯೊಂದಕ್ಕೆ ಐದು ಹತ್ತು ನಿಮಿಷಗಳ ತಾಳ್ಮೆ ಬೇಕು. ಧೂಳನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕೇ ಹೊರತು ರೊಟ್ಟಿ ತಟ್ಟಿದಂತೆ ಸುತ್ತಿಸಬಾರದು. ಹೊಳೆಯುವ ಮೈಗಿಂತ ಚಿತ್ರ ಅಚ್ಚಾದ ಮೈಯೇ ಹೆಚ್ಚು ನಾಜೂಕು ಎಂಬುದು ಅನೇಕರಿಗೆ ತಿಳಿಯದು. ಅಂಕಿಗಳಿರುವ ಪದರವು ಆ ಕಡೆಯ ತೆಳುವಾದ ಲೇಪದ ಕೆಳಗೇ ಇರುತ್ತದೆ.

ಯಾವ ರೂಪದಲ್ಲಿ ಕೂಡಿಡಬೇಕೆಂಬುದಕ್ಕೆ ನನ್ನ ಮತ ಇಷ್ಟೆ: ಎಂಪಿ-ಥ್ರೀ ಬೇಡ, ಫ್ಲ್ಯಾಕ್ ಇರಲಿ. ಎಂಪಿ-ಥ್ರೀಯು ಜಾಗ ಉಳಿಸುವುದಕ್ಕಾಗಿ, ದೊಡ್ಡ ದನಿಯ ಮರೆಯಲ್ಲಿ ಕಿವಿಗೆ ಬೀಳಲಾರದೆಂದು ತಾನೇ ಎಣಿಸಿದ ಸಣ್ಣ ದನಿಗಳನ್ನು ಕೈಬಿಡುತ್ತದೆ. ಹೆಚ್ಚು ಹಿಂಡಿದಷ್ಟೂ ತಂಬೂರಿಯ ಜವಾರಿ ಮಾಸುತ್ತದೆ. ಫ್ಲ್ಯಾಕ್ ಏನನ್ನೂ ಬಿಡದೆ ಮಡಿಚಿಡುತ್ತದೆ. ತಟ್ಟೆಯ 700 ಎಂ.ಬಿ. ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾನೂರು ತಟ್ಟೆಗಳಿಗೆ 160 ಜಿ.ಬಿ. ಸಾಕಾದೀತು. ಜಾಗಕ್ಕೇನು ಬಡತನ?

ನಿಜವಾದ ಕೆಲಸ ತೊಡಗುವುದು ಇದಾದ ಮೇಲೆ. ಸಾಮಾನ್ಯವಾಗಿ ಸಿ.ಡಿ.ಯೊಳಗೆ ಹಾಡುಗಾರರ ಹೆಸರಾಗಲಿ ರಾಗದ ಹೆಸರಾಗಲಿ ಇರುವುದಿಲ್ಲ. ತಟ್ಟೆಯಲ್ಲಿ ಎಷ್ಟು ಭಾಗಗಳಿವೆ, ಒಂದೊಂದೂ ಎಷ್ಟು ಹೊತ್ತಿನದು ಎಂಬ ಲೆಕ್ಕ ಹಿಡಿದು ಕಂಪ್ಯೂಟರು ಅಂತರ್ಜಾಲದ ಪಟ್ಟಿಗಳನ್ನು ಕೇಳುತ್ತದೆ. ಹಿಂದೆ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರೆ ಹೆಸರು ಬರುತ್ತದೆ. ಇಲ್ಲವಾದರೆ ‘ಟ್ರ್ಯಾಕ್ 01’. ಬಂದ ಹೆಸರೂ ನೆಟ್ಟಗಿರುವುದಿಲ್ಲ. ಒಂದೇ ರಾಗ ಒಂದೆಡೆ ಭೂಪ, ಇನ್ನೊಂದೆಡೆ ಭೂಪಾಲಿ. ವಿಲಂಬಿತವೂ ದ್ರುತವೂ ಎರಡು ಭಾಗಗಳಾಗಿದ್ದು ಕ್ರಮಸಂಖ್ಯೆ ತಪ್ಪಿತೆಂದರೆ ದ್ರುತವೇ ಮೊದಲು ಕೇಳಿಬರುತ್ತದೆ. ಅಕ್ಷತೆಗೆ ಮೊದಲೇ ಬೀಗರೂಟ ಬಡಿಸಿದಂತೆ!

ಇದಕ್ಕಿಂತ ಕಷ್ಟವಾದುದು ಪಕ್ಕವಾದ್ಯದವರ ಗತಿ. ಸಿ.ಡಿ.ಯ ಡಬ್ಬಿಯೊಳಗಿನ ಹೊತ್ತಗೆಯಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ತಬಲಾ ಯಾರದು, ಹಾರ್ಮೋನಿಯಂ ಯಾರದು ಎಂದು ಅಚ್ಚಾಗಿರುತ್ತದೆ. ಅಂತರ್ಜಾಲದ ಪಟ್ಟಿಗೆ ಗಾಯಕರೊಬ್ಬರ ಹೆಸರು ಸಾಕು. ಡಬ್ಬಿ ರದ್ದಿಗೆ ಹೋದ ದಿನ ಉಳಿದವರೂ ರದ್ದಿಗೆ. ಮಾಸ್ತರರು ಮೊದಲ ದಿನವೇ ಇದನ್ನು ಹಿಡಿದರು: “ಸರ, ಹಾಡೇನೋ ಒಳಗ ಹೋತ್ರಿ, ಖರೆ ಹೆಸರು ಹೊರಗ ಉಳೀತಲ್ರಿ!”

ಗಂಗೂಬಾಯಿಯವರ ಮುದ್ರಿಕೆಗಳನ್ನೇ ನೋಡಿರಿ. ತಾಯಿಯ ಜೊತೆಯಲ್ಲಿ ಕುಳಿತು ದಶಕಗಳ ಕಾಲ ದನಿಗೂಡಿಸಿದವರು ಮಗಳು ಕೃಷ್ಣಾ ಹಾನಗಲ್. 2004ರಲ್ಲಿ, ತಾಯಿಗಿಂತ ಐದು ವರ್ಷ ಮೊದಲೇ, ಅವರು ತೀರಿಕೊಂಡರು. ಕೇಳುವ ಕಿವಿಗೆ ಎರಡು ಕಂಠಗಳು ಸ್ಪಷ್ಟ. ಕಂಪ್ಯೂಟರಿನ ಪಟ್ಟಿಯಲ್ಲಿ ಎಷ್ಟೋ ಸಲ ಒಂದೇ ಹೆಸರು. ಇನ್ನು ಗಂಗೂಬಾಯಿಯವರದೇ ಮಾತು. 1930ರ ದಶಕದ ಅವರ ಮೊದಮೊದಲ ಗ್ರಾಮೋಫೋನ್ ತಟ್ಟೆಗಳು ಹೊರಬಂದುದು ‘ಗಾಂಧಾರಿ’ ಎಂಬ ಹುಟ್ಟುಹೆಸರಿನಿಂದ, ಕಂಠವಾದರೂ ಆಗ ತೆಳುವಾದುದು, ಏರುದನಿಯದು. ಸವಾಯಿ ಗಂಧರ್ವರೂ ರಾಮಭಾವೂ ಕುಂದಗೋಳಕರರೂ ಒಬ್ಬರೇ ಎಂಬುದು ಕುಂದಗೋಳದ ಕೂಸಿಗೂ ಗೊತ್ತು. ಯಂತ್ರಕ್ಕೆ ಮಾತ್ರ ಅವರು ಇಬ್ಬರು ಬೇರೆ ಬೇರೆ ಮಹನೀಯರು. ಗೊತ್ತಿದ್ದವರು ಕೂಡಿಸದೆ ಅವರು ಕೂಡುವುದಿಲ್ಲ.

ಹೆಸರಿನ ಈ ತಾಪತ್ರಯ ಇಂದಿನದಲ್ಲ. ನಮ್ಮ ದೇಶದ ಮೊದಲ ತಟ್ಟೆಗಳಿಗಾಗಿ 1902ರಲ್ಲಿ ಕಲಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಅವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಕೆಲವರು ಅದನ್ನು ಜಂಬವೆಂದು ತಿಳಿದದ್ದುಂಟು. ತಟ್ಟೆ ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವುದು ಯಾರ ಹಾಡೆಂದು ಅಲ್ಲಿಯ ಕೆಲಸಗಾರರು ಅರಿತು ಚೀಟಿ ಅಂಟಿಸಲೆಂದು ಮಾಡಿದ ಉಪಾಯವದು. ಬಾಲಕ ಭೀಮಸೇನರನ್ನು 1933ರಲ್ಲಿ ಮನೆ ಬಿಡಿಸಿದುದೂ ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ. ಊರೂರು ಅಲೆದು ಕಡೆಗೆ ಅವರು ಬಂದು ನಿಂತುದು ಆ ಖಾನಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಬಾಗಿಲಲ್ಲಿ. ಆ ತಟ್ಟೆಯ ಮೇಲೆ ‘ಟ್ರ್ಯಾಕ್ 03’ ಎಂದಷ್ಟೇ ಇದ್ದಿದ್ದರೆ ಹುಡುಗ ಯಾರನ್ನು ಹುಡುಕಿಕೊಂಡು ಹೊರಡಬೇಕಿತ್ತು?

ಅಂಗಡಿಯ ಸಿ.ಡಿ.ಗಳ ಪಾಡು ಹೇಗೋ ಆದೀತು. ಕಳೆದರೆ ಇನ್ನೆಲ್ಲಾದರೂ ಸಿಕ್ಕೀತು. ಮಾಸ್ತರರ ಕಪಾಟಿನ ಕೆಳಗಣ ಅರೆಯಲ್ಲಿ ಮನೆಯಲ್ಲಿಯೇ ಬರೆದ ಅರವತ್ತು ಎಪ್ಪತ್ತು ತಟ್ಟೆಗಳಿವೆ: ಧಾರವಾಡ ಆಕಾಶವಾಣಿಯಿಂದ ಕ್ಯಾಸೆಟ್ಟಿಗೆ ಹಿಡಿದುಕೊಂಡವು, ಊರ ಜಾತ್ರೆಗಳ ಬೈಠಕ್ಕುಗಳು, ನಸುಕಿನ ಭೈರವಿಯಲ್ಲಿ ಮುಗಿದ ಅಹೋರಾತ್ರಿ ಸಂಗೀತಗಳು. ಇಂಥ ತಟ್ಟೆಗಳ ಬಣ್ಣದ ಪದರವು ಕಾರ್ಖಾನೆಯಲ್ಲಿ ಒತ್ತಿದವುಗಳಿಗಿಂತ ಬೇಗ ಕೆಡುತ್ತದೆ. ಮೇಲೆ ಶಾಯಿಯಲ್ಲಿ ಬರೆದುದು ಎರಡೇ ಮಾತು: ‘ಪೂರಿಯಾ, ಚಲೋ ಐತಿ.’ ಇವುಗಳನ್ನೇ ಮೊದಲು ಇಳಿಸಿರಿ ಎಂದು ಓದುಗರಿಗೆ ಒತ್ತಿ ಹೇಳುತ್ತೇನೆ. ಇಳಿಸುವಾಗ ಪಕ್ಕದಲ್ಲಿ ಮನೆಯ ಹಿರಿಯರನ್ನು ಕೂಡಿಸಿಕೊಳ್ಳಿರಿ. ಮಾಸ್ತರರಿಗೆ ಎಂಬತ್ತು ದಾಟಿದೆ. ಠೇಕಾ ನಾಲ್ಕು ಆವರ್ತ ಕೇಳಿದರೆ ನುಡಿಸಿದವರ ಊರು, ಹೆಸರು, ಅಂದು ಮಳೆ ಬಂದು ಚಪ್ಪರ ಸೋರಿದುದು ಎಲ್ಲವೂ ಅವರ ಬಾಯಿಂದ ಬರುತ್ತವೆ. ನಾನು ಕನ್ನಡದಲ್ಲಿಯೇ ಬೆರಳಚ್ಚಿಸುತ್ತ ಹೋಗುತ್ತೇನೆ. ಪ್ರತಿಯೊಂದರ ಎರಡು ನಕಲು: ಒಂದು ಅವರ ಮನೆಯಲ್ಲಿ, ಇನ್ನೊಂದು ಹುಬ್ಬಳ್ಳಿಯ ಮಗಳ ಮನೆಯಲ್ಲಿ. ಹೊತ್ತಗೆಗಳು ಬೂಟಿನ ಖಾಲಿ ಪೆಟ್ಟಿಗೆಗಳಲ್ಲಿ ಭದ್ರವಾಗಿವೆ.

ಒಂದು ತಟ್ಟೆ ಮಾತ್ರ ಮೂರು ವಾರಗಳಿಂದ ಸತಾಯಿಸುತ್ತಿದೆ. ಹಾಡಿದವರು ಯಾರೆಂದು ತಿಳಿದಿದೆ, ರಾಗ ತಿಳಿದಿದೆ. ತಬಲಾ ಯಾರದೆಂದು ಮಾಸ್ತರರಿಗೆ ನೆನಪಾಗುತ್ತಿಲ್ಲ. “ಅಣ್ಣಿಗೇರಿ ಕಡೀದವ್ರು, ಎಡಗೈ ಭಾಳ ಮಿದು. ಇನ್ನೊಮ್ಮೆ ಹಚ್ರಿ ಸರ” ಎನ್ನುತ್ತಾರೆ. ಆ ಜಾಗದಲ್ಲಿ ಸದ್ಯಕ್ಕೆ ‘ತಬಲಾ: ಅಣ್ಣಿಗೇರಿಯವರು, ಕೇಳಿ ತಿಳಿಯಬೇಕು’ ಎಂದು ಬರೆದಿಟ್ಟಿದ್ದೇವೆ. ಬರುವ ರವಿವಾರ ಅಣ್ಣಿಗೇರಿಗೆ ಹೋಗುವುದೆಂದು ನಿಶ್ಚಯಿಸಿದೆ.